ನನ್ನ ಗಿಟಾರಿಗೆ ಹೆಸರು ಹಾಕಿಸಿದ್ದು

ಶಾಲೆಯಿಂದ ಬಂದವಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ನಡುಮನೆಯ ದಿವಾನದ ಮೇಲೆ ನನ್ನ ಗಿಟಾರು ಅಂಗಾತ ಮಲಗಿತ್ತು. ತಂತಿಗಳೆಲ್ಲ ಸಡಿಲಾಗಿ ಜೋತುಬಿದ್ದಿದ್ದವು. ಅವುಗಳ ಕೆಳಗೆ, ಥಳಥಳ ಹೊಳೆಯುವ ಲೋಹದ ಮುಚ್ಚಳದ ಮೇಲೆ ನನ್ನ ಗಂಡನ ಹೆಸರು ಕೊರೆದಿತ್ತು. ಮೊದಲು ಅವರ ಹೆಸರಿನ ಅಕ್ಷರ, ಆಮೇಲೆ ಅವರಪ್ಪನದು, ಆಮೇಲೆ ಅಡ್ಡಹೆಸರು, ಕೆಳಗೆ ಜಾಗ ಸಾಲದೆ ಒತ್ತಿ ಒತ್ತಿ ಬರೆದ ‘ಲಕ್ಷ್ಮೇಶ್ವರ’. ಮದುವೆಯಲ್ಲಿ ಕೊಡುವ ಸ್ಟೀಲ್ ತಾಟಿನ ಅಂಚಿಗೆ ಹಾಕಿಸುತ್ತಾರಲ್ಲ, ಅವೇ ಅಕ್ಷರ, ಅದೇ ನಡುಗುವ ಗೆರೆ.

ಇದನ್ನು ಓದಿ ಕೆಲವರು ನಗುತ್ತಾರೆಂದು ಗೊತ್ತು. ಹೇಳಿದಲ್ಲೆಲ್ಲ ಜನ ನಕ್ಕಿದ್ದಾರೆ. ನನ್ನ ಜೊತೆ ಕಲಿಸುವ ಟೀಚರಮ್ಮನಂತೂ ಚಹಾ ಮೂಗಿಗೆ ಹತ್ತಿಸಿಕೊಂಡು ನಕ್ಕಳು. ನನಗೆ ಇವತ್ತಿಗೂ ನಗು ಬಂದಿಲ್ಲ. ಆ ಮನೆಯಲ್ಲಿ ಇದು ನನ್ನದು ಎಂದು ಕೈ ಮಾಡಿ ತೋರಿಸಬಹುದಾಗಿದ್ದ ವಸ್ತು ಅದೊಂದೇ ಇತ್ತು. ಅದರ ಮೇಲೆ ಇನ್ನೊಬ್ಬರ ಹೆಸರು ಬಿದ್ದರೆ ಹೇಗೆ ನಗು ಬರುತ್ತದೆ?

ನಾನು ಶಿರಹಟ್ಟಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕೊಟ್ಟ ಮನೆ ಲಕ್ಷ್ಮೇಶ್ವರ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ತವರು ಬೆಟಗೇರಿ. ಅಲ್ಲಿ ನನ್ನಪ್ಪನಿಗೆ ರೇಡಿಯೋ ರಿಪೇರಿಯ ಸಣ್ಣ ಅಂಗಡಿ ಇತ್ತು. ಹೊರಗೆ ಮಗ್ಗದ ಸದ್ದು, ಒಳಗೆ ಬೆಸುಗೆಯ ಹೊಗೆ. ಎರಡರ ನಡುವೆ ನಾನು ಶಾಲೆಯ ಲೆಕ್ಕ ಮಾಡುತ್ತಾ ಬೆಳೆದೆ. ತಂತಿಗೆ ತಂತಿ ಬೆಸೆಯುವುದನ್ನು ಅಪ್ಪ ನನಗೆ ಕಲಿಸಿದ. ‘ಹೆಣ್ಣ ಹುಡುಗಿ ಕೈಯಾಗ ಕಾದ ಕಬ್ಬಣ ಯಾಕ ಕೊಡ್ತಿ, ಸುಟ್ಕೊಂಡ ಮಾರಿ ಕೆಡಿಸ್ಕೊಂಡ್ರ ಯಾರ ಮಾಡ್ಕೋತಾರ’ ಎಂದು ಅಂಗಡಿಗೆ ಬಂದವರು ಹೇಳುತ್ತಿದ್ದರು. ಅಪ್ಪ ಉತ್ತರ ಕೊಡುತ್ತಿರಲಿಲ್ಲ, ರೇಡಿಯೋದ ಸದ್ದು ಏರಿಸುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅದನ್ನು ಮೊಬೈಲ್ ಅಂಗಡಿ ಮಾಡಿದ. ನನ್ನ ಪಾಲಿಗೆ ಅಪ್ಪನ ಸೋಲ್ಡರಿಂಗ್ ಕಡ್ಡಿ, ಮುಳ್ಳಿನ ಮೀಟರು, ಹಳೆಯ ರೇಡಿಯೋಗಳ ಬಿಡಿಭಾಗ ತುಂಬಿದ ಒಂದು ಬಿಸ್ಕತ್ತಿನ ಡಬ್ಬಿ ಬಂತು. ಯಾರಿಗೂ ಬೇಡವಾದದ್ದು ಎಂದೇ ಬಂತು.

ಗಿಟಾರು ನುಡಿಸಲು ಕಲಿತದ್ದು ಧಾರವಾಡದ ಹಾಸ್ಟೆಲಿನಲ್ಲಿ, ಕೋಣೆಯ ಗೆಳತಿಯ ಗಿಟಾರಿನಲ್ಲಿ. ಮದುವೆಯಾದ ಮೇಲೆ ಅದು ಬಿಟ್ಟುಹೋಯಿತು. ಬಿಟ್ಟುಹೋಯಿತು ಎಂದು ಎಷ್ಟು ಸಲೀಸಾಗಿ ಬರೆದೆ ನೋಡಿ. ಬಿಡಿಸಿದರು ಎನ್ನಲು ಯಾರೂ ಬಾಯಿ ಬಿಟ್ಟು ಬೇಡ ಅಂದಿರಲಿಲ್ಲ, ಅದೇ ಅವರ ಜಾಣತನ. ‘ಈಗ ಅದಕ್ಕೆಲ್ಲ ವ್ಯಾಳ್ಯಾ ಎಲ್ಲಿರತೈತಿ’ ಎಂದು ಪ್ರೀತಿಯಿಂದಲೇ ಅನ್ನುತ್ತಿದ್ದರು. ವೇಳೆ ಎಲ್ಲಿರುತ್ತದೆಂದು ನನಗೆ ಗೊತ್ತಿತ್ತು. ಒಲೆಯ ಮುಂದೆ ಇರುತ್ತಿತ್ತು.

ಮಗಳು ಹಾಸ್ಟೆಲಿಗೆ ಹೋದ ವರ್ಷ ನನ್ನ ಪಗಾರದಲ್ಲಿ, ಯಾರನ್ನೂ ಕೇಳದೆ ಒಂದು ಎಲೆಕ್ಟ್ರಿಕ್ ಗಿಟಾರು ತರಿಸಿದೆ. ದೊಡ್ಡ ಕಂಪನಿಯದಲ್ಲ, ಅಗ್ಗದ್ದೇ. ಆದರೆ ಹಳೆಯ ಕಾಲದ ಮಾದರಿಯದು. ಜೇನುಬಣ್ಣದ ಮೈ, ಹಳದಿಗಟ್ಟಿದಂತೆ ಕಾಣುವ ಅಂಚು, ಮಾಸಿದ ಗುಂಡಿಗಳು. ಕಾರ್ಖಾನೆಯಲ್ಲೇ ಬೇಕೆಂದು ಹಾಗೆ ಮಾಡಿರುತ್ತಾರೆ. ಅಪ್ಪನ ಅಂಗಡಿಯ ಕಟ್ಟಿಗೆಯ ರೇಡಿಯೋಗಳ ಬಣ್ಣ ಅದು, ಅದಕ್ಕೇ ನನ್ನ ಕಣ್ಣು ಅದರ ಮೇಲೆ ಬಿದ್ದದ್ದು.

ಪೆಟ್ಟಿಗೆ ಬಿಚ್ಚಿದಾಗ ಅತ್ತೆ ಪಕ್ಕದಲ್ಲೇ ಕೂತಿದ್ದರು.

‘ಇದೇನ ಯವ್ವಾ, ಯಾರೋ ಬಾರ್ಸಿ ಬಿಟ್ಟಿದ್ದ ಕಳಿಸ್ಯಾರ! ಬಣ್ಣಾ ಸೈತ ಹಳದಿ ಆಗೈತಿ. ವಾಪಸ ಕಳಸ.’

‘ಇಲ್ಲರಿ ಅತ್ತಿ, ಅದು ಹಂಗ ಇರೂದು. ಹಳೇ ನಮೂನಿ.’

‘ಹೊಸಾ ರೊಕ್ಕಾ ಕೊಟ್ಟ ಹಳೇ ನಮೂನಿ ಯಾರ ತಗೋತಾರ?’ ಎಂದು ಅವರು ಮಗನ ಮುಖ ನೋಡಿದರು.

ನನ್ನ ಗಂಡನದು ಪಂಪ್‌ಸೆಟ್ಟಿನ ಅಂಗಡಿ. ಹೊಸದಾಗಿ ಕಾಣದ ಯಾವ ಸಾಮಾನನ್ನೂ ಅವರು ಸಾಮಾನು ಅನ್ನುವುದಿಲ್ಲ. ‘ಹೊಸಾದ ಕಾಣ್ತಿದ್ರ ಬಂದ ಮಂದಿಗೆ ತೋರಸಾಕರ ಬರ್ತಿತ್ತು’ ಎಂದು ಅಂಗಡಿಗೆ ನಡೆದರು. ನುಡಿಸಿ ತೋರಿಸು ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಅಗ್ಗದ ಗಿಟಾರು ಅಗ್ಗದ್ದೇ. ಹೊರಗೆ ಅಂದ, ಒಳಗೆ ಲಡಾಸು. ತಂತಿ ಬಿಗಿಯುವ ಬಿರಡೆಗಳು ಜಾರುತ್ತಿದ್ದವು. ಶ್ರುತಿ ಮಾಡಿ ಚಹಾ ಕುಡಿದು ಬರುವಷ್ಟರಲ್ಲಿ ಇಳಿದಿರುತ್ತಿತ್ತು. ಹಾಗಾಗಿ ಒಂದೊಂದಾಗಿ ಬದಲಾಯಿಸತೊಡಗಿದೆ. ಮೊದಲು ಬಿರಡೆಗಳು. ಆಮೇಲೆ ತಂತಿಗಳು ಮೇಲ್ತುದಿಯಲ್ಲಿ ಹಾದುಹೋಗುವ ಪ್ಲಾಸ್ಟಿಕ್ ಪಟ್ಟಿಯನ್ನು ತೆಗೆದು ಎಲುಬಿನದನ್ನು ಕೂರಿಸಿದೆ. ಎಲುಬು! ಬೆಳ್ಳುಳ್ಳಿ ಹೆಚ್ಚಾದರೆ ಮೂಗು ಮುರಿಯುವ ಮನೆಯಲ್ಲಿ ಅದನ್ನು ಸಣ್ಣ ಅರದಿಂದ ಉಜ್ಜುತ್ತಾ ಕೂತಾಗ, ‘ಇದೇನ ಆನಿ ದಂತದಂಗ ಐತಿ’ ಎಂದು ಅತ್ತೆ ಮುಟ್ಟಿ ನೋಡಿದ್ದರು. ನಾನು ಹ್ಞೂಂ ಅಂದಿದ್ದೆ. ಅವರಿಗೆ ಇನ್ನೂ ಗೊತ್ತಿಲ್ಲ. ಗೊತ್ತಾಗಲಿ ಬಿಡಿ.

ಒಳಗಿನ ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಬೆಸೆದೆ. ಸೋಲ್ಡರ್ ತಂತಿಗಾಗಿ ಗದಗಿಗೆ ಹೋದಾಗ ಅಂಗಡಿಯವನು ‘ಯಜಮಾನ್ರು ಯಾವ ನಂಬರ ಹೇಳ್ಯಾರ್ರಿ?’ ಎಂದು ಕೇಳಿದ. ಯಜಮಾನರಿಗೆ ಸೋಲ್ಡರು ಕಾಯಿಸುತ್ತಾರೋ ಕುದಿಸುತ್ತಾರೋ ಗೊತ್ತಿಲ್ಲ ಎನ್ನಬೇಕೆಂದುಕೊಂಡೆ. ಬಸ್ಸಿನ ಹೊತ್ತಾಗಿತ್ತು, ನುಂಗಿಕೊಂಡೆ. ಸ್ವರದ ಮೊನಚನ್ನು ತಗ್ಗಿಸುವ ಗುಂಡಿಗೆ ಒಂದು ಸಣ್ಣ ಕೆಪಾಸಿಟರ್ ಬೇಕು. ಅಪ್ಪನ ಡಬ್ಬಿಯಲ್ಲಿ ಕೈಯಾಡಿಸಿದರೆ ಹಳೆಯ ವಾಲ್ವ್ ರೇಡಿಯೋದ್ದು ಸಿಕ್ಕಿತು, ಕಂದು ಬಣ್ಣದ, ಬೆರಳ ತುದಿಯಷ್ಟು ದಪ್ಪದ್ದು. ಅದನ್ನೇ ಹಾಕಿದೆ. ಗುಂಡಿ ತಿರುಗಿಸಿದರೆ ಸ್ವರ ಹೇಗೆ ಮೆತ್ತಗಾಗುತ್ತಿತ್ತೆಂದರೆ, ಸಂಜೆಯ ಹೊತ್ತು ಅಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದಾಗ ಹೊರಗಿನ ಗದ್ದಲ ಮೆತ್ತಗಾಗುತ್ತಿತ್ತಲ್ಲ, ಹಾಗೆ. ಅವತ್ತು ನಾನು ನುಡಿಸುವುದನ್ನು ಕೇಳಿ ಅತ್ತೆ ‘ಅಳಾಕತ್ತೀಯೇನ?’ ಅಂದರು. ಇಲ್ಲ ಅಂದೆ.

ಕಡೆಗೆ ತರಿಸಿದ್ದು ಪಿಕಪ್. ತಂತಿಗಳ ಕೆಳಗೆ ಕೂರುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿ ಅದು. ಒಳಗೆ ಅಯಸ್ಕಾಂತ, ಜೊತೆಗೆ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲಿನ ತಂತಿ ನಡುಗಿದ್ದನ್ನು ಕೇಳಿಸಿಕೊಳ್ಳುವುದು ಅದೇ. ಗಿಟಾರಿನ ಕಿವಿ ಎನ್ನಿ. ನಾನು ತರಿಸಿದ್ದು ಹಳೆಯ ಪದ್ಧತಿಯಲ್ಲಿ ಸುತ್ತಿದ್ದು. ಒಳಗೆ ಮೇಣ ತುಂಬಿ ಭದ್ರ ಮಾಡಿರುವುದಿಲ್ಲ, ಅದಕ್ಕೇ ಅದರ ಸ್ವರ ಅಷ್ಟು ಬಿಚ್ಚುಮನಸ್ಸಿನದು, ಅದಕ್ಕೇ ಅದು ಅಷ್ಟು ನಾಜೂಕು. ಮೇಲೆ ಕನ್ನಡಿಯಂಥ ಮುಚ್ಚಳ. ಅದನ್ನು ಕೂರಿಸಿದ ಭಾನುವಾರ ಮಧ್ಯಾಹ್ನ ನಾನು ಊಟಕ್ಕೆ ಬಡಿಸಲು ತಡ ಮಾಡಿದೆ. ‘ಎಷ್ಟ ಸಲಾ ಬಿಚ್ಚತಿ, ಎಷ್ಟ ಸಲಾ ಕೂಡಸ್ತಿ’ ಎಂದು ಗಂಡ ತಾಟಿನ ಮುಂದೆ ಗೊಣಗಿದರು. ಅವರ ಅಂಗಡಿಯಲ್ಲಿ ಮೋಟಾರು ಬಿಚ್ಚಿದರೆ ಅದು ಕೆಲಸ. ನಾನು ಬಿಚ್ಚಿದರೆ ಚಟ.

ಇನ್ನು ಅತ್ತೆಯ ವಿಷಯ. ಅವರದು ಪಾತ್ರೆಗಳ ಲೋಕ. ನಮ್ಮ ಕಡೆ ಮನೆಗೆ ಬಂದ ಯಾವ ಪಾತ್ರೆಯೂ ಹೆಸರಿಲ್ಲದೆ ಒಳಗೆ ಹೋಗುವುದಿಲ್ಲ. ಅಂಗಡಿಯಲ್ಲೇ ಗುರ್ರ್ ಎಂದು ಕೊರೆಯುವ ಮಷಿನ್ ಇಟ್ಟುಕೊಂಡಿರುತ್ತಾರೆ, ತಂಬಿಗೆ ತೂಗಿದ ಮೇಲೆ ‘ಹೆಸರ ಏನ ಹಾಕ್ಲಿರಿ?’ ಎಂದು ಕೇಳಿಯೇ ಕೇಳುತ್ತಾರೆ. ಮದುವೆ, ಬಸುರಿಯ ಕುಬಸ, ಮನೆ ತುಂಬಿಸುವುದು ಎಂದು ಪಾತ್ರೆಗಳು ಊರ ತುಂಬ ಓಡಾಡುತ್ತವೆ. ಹೆಸರಿಲ್ಲದ ಪರಾತ ಒಮ್ಮೆ ಹೊರಗೆ ಹೋದರೆ ತಿರುಗಿ ಬರುವುದಿಲ್ಲ, ಬಂದರೂ ತೂತು ಬಿದ್ದದ್ದು ಬರುತ್ತದೆ. ಅತ್ತೆಯ ಅಡುಗೆಮನೆಯಲ್ಲಿ ಚಮಚಕ್ಕೂ ಹೆಸರಿದೆ. ಮಾವನದು, ಮಾವನ ಅಪ್ಪನದು, ಮಗನದು.

ಅವುಗಳಲ್ಲಿ ಒಂದು ತಾಮ್ರದ ಕೊಡ ಮಾತ್ರ ಬೇರೆ. ಅದು ಅವರ ತವರೂರು ಡೋಣಿಯಿಂದ ಬಂದದ್ದು. ಅದರ ಮೇಲೆ ಮಷಿನ್ ಬರುವ ಮೊದಲಿನ ಕಾಲದ ಅಕ್ಷರ, ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆದದ್ದು, ಅವರ ಅಣ್ಣನ ಹೆಸರು. ಆ ಕೊಡವನ್ನು ಅವರು ಯಾರಿಗೂ ತಿಕ್ಕಲು ಕೊಡುವುದಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು, ಉಪ್ಪು ಹಚ್ಚಿ ತಾವೇ ತಿಕ್ಕುತ್ತಾರೆ, ತೋಳು ನೋಯುವವರೆಗೆ. ತವರಿನ ವ್ಯಾಮೋಹ ಎಂದುಕೊಂಡಿದ್ದೆ. ನನ್ನ ಗಿಟಾರನ್ನು ಕಂಡರೆ ಮೂಗು ಮುರಿಯುವವರು ತಮ್ಮ ಕೊಡವನ್ನು ಮಾತ್ರ ಹೀಗೆ ಮುದ್ದು ಮಾಡುತ್ತಾರಲ್ಲ ಎಂದು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ಹೀಗಿರುವಾಗ ನಾದಿನಿಯ ಮಗಳ ಮದುವೆ ಬಂತು, ಮುಂಡರಗಿಯಲ್ಲಿ. ಮದುಮಗಳು ನನಗೆ ಫೋನ್ ಮಾಡಿದಳು.

‘ಮಾಮಿ, ರಿಸೆಪ್ಷನ್ನಿಗೆ ನಾ ಸ್ಟೇಜ್ ಹತ್ತುವಾಗ ನೀ ಗಿಟಾರ ಬಾರಸಬೇಕು. ಅಜ್ಜಿ ಹಾಡತಾಳಲ್ಲ, ಆ ಸೋಬಾನ ಪದದ ಧಾಟಿ. ಆರ್ಕೆಸ್ಟ್ರಾದವರು ಬಾರ್ಸೂದ ಬ್ಯಾಡ ನನಗ. ನೀನ ಬಾರ್ಸು.’

ಅಷ್ಟು ವರ್ಷಗಳಲ್ಲಿ ನನ್ನನ್ನು ಯಾರಾದರೂ ನುಡಿಸು ಎಂದು ಕೇಳಿದ್ದು ಅದೇ ಮೊದಲು. ಆಮೇಲೆ ಮನೆಯಲ್ಲಿ ಪಂಚಾಯಿತಿ. ಸೊಸೆ ಸ್ಟೇಜಿನ ಮೇಲೆ ಆರ್ಕೆಸ್ಟ್ರಾದವರ ಪಕ್ಕ ನಿಲ್ಲುವುದೇ? ಸೀರೆ ಉಟ್ಟು ಅದನ್ನು ಕೊರಳಿಗೆ ನೇತುಹಾಕಿಕೊಳ್ಳುವುದು ಹೇಗೆ? ಬೀಗರು ಏನಂದಾರು? ಮದುಮಗಳೇ ಹಟ ಹಿಡಿದದ್ದರಿಂದ ಕೊನೆಗೆ ಒಪ್ಪಿದರು. ನಾನು ಅತ್ತೆಯ ಹಾಡನ್ನು ಅವರಿಂದಲೇ ಮತ್ತೆ ಮತ್ತೆ ಹಾಡಿಸಿ, ಗಿಟಾರಿಗೆ ಕೂರಿಸಿಕೊಂಡೆ. ಆ ದಿನಗಳಲ್ಲಿ ನಾವಿಬ್ಬರೂ ಜಗಳವಾಡಲಿಲ್ಲ. ಅವರು ಹಾಡುವಾಗ ಕಣ್ಣು ಮುಚ್ಚುತ್ತಿದ್ದರು, ನಾನು ಹೊಸ ಪಿಕಪ್ಪಿನಲ್ಲಿ ಆ ಎಳೆದ ಸ್ವರವನ್ನು ಹಿಡಿಯುತ್ತಿದ್ದೆ. ಹಿಡಿದಾಗ ‘ಹಾಂ, ಈಗ ಬಂತ ನೋಡ’ ಎನ್ನುತ್ತಿದ್ದರು.

ಮದುವೆಗೆ ಹೊರಡುವ ಹಿಂದಿನ ದಿನ ನಾನು ಶಾಲೆಯಲ್ಲಿದ್ದೆ. ಅತ್ತೆ ಮೊಮ್ಮಗಳಿಗೆ ಕೊಡುವ ಪಾತ್ರೆಗಳಿಗೆ ಹೆಸರು ಹಾಕಿಸಲು ಬಜಾರಿಗೆ ಹೊರಟವರು, ಆಟೋದಲ್ಲಿ ಜಾಗವಿದೆಯಲ್ಲ ಎಂದು ಗಿಟಾರನ್ನೂ ಹಾಕಿಕೊಂಡು ಹೋಗಿದ್ದಾರೆ. ಪಾತ್ರೆ ಅಂಗಡಿಯವನು ಎಲ್ಲಿ ಹಾಕಲಿ ಎಂದು ಕೇಳಿದ್ದಾನೆ. ಎಲ್ಲಿ ಹೊಳೆಯುತ್ತದೋ ಅಲ್ಲಿ ಎಂದಿದ್ದಾರೆ. ಹೊಳೆಯುತ್ತಿದ್ದದ್ದು ಆ ಮುಚ್ಚಳ. ತಂತಿ ಅಡ್ಡ ಬಂದವೆಂದು ಸಡಿಲಿಸಿ ಬದಿಗೆ ಸರಿಸಿ, ಮಷಿನ್ನನ್ನು ಮುಚ್ಚಳಕ್ಕೆ ಒತ್ತಿ ಹಿಡಿದು, ಗುರ್ರ್ ಎಂದು ಅಡ್ಡಹೆಸರೂ ಊರ ಹೆಸರೂ ಬಿಡದೆ ಕೊರೆದಿದ್ದಾನೆ.

ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ ಮೊದಲು ತಂತಿ ಬಿಗಿದೆ. ಶ್ರುತಿ ಮಾಡಿ ಆಂಪ್ಲಿಫೈಯರಿಗೆ ಜೋಡಿಸಿ ಮೀಟಿದೆ. ಸದ್ದೇ ಇಲ್ಲ. ಗಿಟಾರಿನ ಬೆನ್ನಿನ ಮುಚ್ಚಳ ಬಿಚ್ಚಿ ಅಪ್ಪನ ಮೀಟರು ಹಚ್ಚಿದೆ. ಮುಳ್ಳು ಇದ್ದಲ್ಲಿಂದ ಅಲ್ಲಾಡಲಿಲ್ಲ. ಮಷಿನ್ನಿನ ನಡುಕಕ್ಕೆ ಒಳಗಿನ ಕೂದಲೆಳೆಯ ತಂತಿ ಎಲ್ಲೋ ತುಂಡಾಗಿತ್ತು. ಕಿವಿಯ ಮೇಲೆ ಹೆಸರು ಬರೆದು ಕಿವುಡು ಮಾಡಿ ಕಳಿಸಿದ್ದರು.

‘ಯಾರನ್ನ ಕೇಳಿ ಒಯ್ದ್ರಿ?’ ನನ್ನ ದನಿ ಬೀದಿಗೆ ಕೇಳುವಷ್ಟಿತ್ತು.

ಅತ್ತೆ ಹೊಸ ತಾಟುಗಳನ್ನು ಒರೆಸುತ್ತಿದ್ದರು. ‘ಕೇಳೂದೇನ ಐತಿ? ಛತ್ರದಾಗ ನೂರಾ ಎಂಟ ಮಂದಿ ಇರ್ತಾರ. ಆ ಆರ್ಕೆಸ್ಟ್ರಾದವರ ಹತ್ರನೂ ಇಂಥವ ಇರ್ತಾವ. ಅದಲ ಬದಲ ಆತಂದ್ರ? ಹೆಸರಿಲ್ಲದ್ದಕ್ಕ ಯಾರ ಬೇಕಾದ್ರೂ ಧಣಿ ಆಗ್ತಾರ.’

‘ಹಂಗಾದ್ರ ನನ್ನ ಹೆಸರ ಯಾಕ ಹಾಕ್ಸಲಿಲ್ಲ?’

ಅವರು ನಿಜವಾಗಿಯೂ ಬೆರಗಾಗಿ ನನ್ನನ್ನು ನೋಡಿದರು. ‘ಹೆಂಗಸರ ಹೆಸರ ಯಾರ ಹಾಕಸ್ತಾರ? ಅಂಗಡಿಯಾಂವ ನಗೂದಿಲ್ಲೇನ?’

‘ರೊಕ್ಕಾ ನಂದು. ಬೆಸದಿದ್ದು ನಾನು. ಬಾರ್ಸೂದು ನಾನು. ಹೆಸರ ನಿಮ್ಮ ಮಗಂದು! ನಿಮ್ಮ ಮಗಗ ಇದನ್ನ ಯಾವ ಕಡೆ ಹಿಡೀಬೇಕಂತ ಗೊತ್ತೈತೇನ್ರಿ?’

ಅಷ್ಟರಲ್ಲಿ ಅವರ ಮಗನೇ ಬಂದರು. ವಿಷಯ ಕೇಳಿ, ಗಿಟಾರನ್ನು ಬೆಳಕಿಗೆ ಹಿಡಿದು ಓದಿ, ನಕ್ಕರು. ಸಿಟ್ಟಿನವರ ನಗುವಲ್ಲ, ಖುಷಿಯ ನಗು. ‘ಆತೇಳ ಇನ್ನ. ನನ್ನ ಹೆಸರ ಹೌದಲ್ಲ? ಮಂದೀದಲ್ಲಲ್ಲ?’

ನಾನು ಅವರ ಕೈಯಿಂದ ಅದನ್ನು ಕಿತ್ತುಕೊಂಡೆ. ಆಮೇಲೆ ಅತ್ತೆಯ ಕಡೆ ತಿರುಗಿ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ‘ನಿಮ್ಮ ತವರ ಮನಿ ಕೊಡದ ಮ್ಯಾಲೆ ಯಾರ ಹೆಸರ ಐತಿ ನೋಡ್ರಿ ಹೋಗ್ರಿ. ದಿನಾ ತಿಕ್ಕತೀರಲ್ಲ, ನಿಮ್ಮ ಹೆಸರ ಎಲ್ಲೆರ ಐತೇನ ಅದರ ಮ್ಯಾಲೆ? ಈ ಮನ್ಯಾಗ ಒಂದ ಚಮಚೇದ ಮ್ಯಾಲೆರ ಐತೇನ?’

ಅತ್ತೆ ಒರೆಸುತ್ತಿದ್ದ ತಾಟನ್ನು ಕೆಳಗಿಟ್ಟರು. ಎದ್ದು ಒಳಗೆ ಹೋದರು. ಬಾಯಿ ಕಟ್ಟಿತು ನೋಡು ಎಂದುಕೊಂಡೆ. ನನಗೆ ಕನಿಕರ ಬರಲಿಲ್ಲ. ಇವತ್ತಿಗೂ ಆ ಮಾತು ಆಡಬಾರದಿತ್ತು ಅನ್ನಿಸಿಲ್ಲ.

ಅವತ್ತು ಸಂಜೆ ಅಡುಗೆ ಮಾಡಲಿಲ್ಲ. ಅಪ್ಪನ ಕಡ್ಡಿ ಕಾಯಿಸಿ, ಸತ್ತ ಪಿಕಪ್ಪನ್ನು ಕಳಚಿ, ಗಿಟಾರಿನ ಜೊತೆ ಮೊದಲು ಬಂದಿದ್ದ ಅಗ್ಗದ ಪಿಕಪ್ಪನ್ನು ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಮತ್ತೆ ಕೂರಿಸಿದೆ. ಅದಕ್ಕೆ ಮುಚ್ಚಳವೇ ಇಲ್ಲ. ಸ್ವರ ಒರಟು. ಅತ್ತೆಯ ಹಾಡಿನ ಆ ಎಳೆತವನ್ನು ಅದು ಹಿಡಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಗಂಡ ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬಂದು, ಈ ಮನೆಯಲ್ಲಿ ಭೂಕಂಪವಾಗಿದೆ ಎನ್ನುವ ಮುಖ ಮಾಡಿಕೊಂಡು ಉಂಡರು.

ಮುಂಡರಗಿಯ ಛತ್ರದಲ್ಲಿ ಮೈಕು ಹಿಡಿದ ನಿರೂಪಕ ನನ್ನನ್ನು ಕರೆದದ್ದು ಹೀಗೆ: ‘ಈಗ ವಧುವಿನ ಸೋದರಮಾವಂದಿರಾದ...’ ಎಂದು ನನ್ನ ಗಂಡನ ಹೆಸರು, ಅವರ ಅಂಗಡಿಯ ಹೆಸರು, ಊರಿನ ಹೆಸರು ಎಲ್ಲ ಹೇಳಿ, ‘ಇವರ ಧರ್ಮಪತ್ನಿಯವರಿಂದ ಗಿಟಾರ್ ವಾದನ.’ ಧರ್ಮಪತ್ನಿಗೆ ಹೆಸರೇ ಇರಲಿಲ್ಲ. ಲೋಹದ ಮೇಲೆ ಕೊರೆದದ್ದನ್ನು ಮನೆಯಲ್ಲಿ ಕಳಚಿಟ್ಟು ಬಂದಿದ್ದೆ, ಇಲ್ಲಿ ಗಾಳಿಯಲ್ಲಿ ಕೊರೆಯುತ್ತಿದ್ದರು.

ಹಲ್ಲು ಕಚ್ಚಿಕೊಂಡು ನುಡಿಸಿದೆ. ಹಾಡಿನಲ್ಲಿ ಹೆಣ್ಣನ್ನು ಹಸೆಗೆ ಕರೆಯುವ ನಯ ಇದೆ, ನನ್ನ ಬೆರಳಲ್ಲಿ ಆ ನಯ ಇರಲಿಲ್ಲ. ಒರಟು ಪಿಕಪ್ಪಿನಿಂದ ಒರಟಾದ ಸ್ವರವೇ ಹೊರಟಿತು. ಅದನ್ನು ಮೆತ್ತಗೆ ಮಾಡುವ ಗುಂಡಿಯನ್ನು ಬೇಕೆಂದೇ ಮುಟ್ಟಲಿಲ್ಲ. ಆರ್ಕೆಸ್ಟ್ರಾದ ಡ್ರಮ್ಮಿನವನು ಕಣ್ಣರಳಿಸಿ ಮೆಲ್ಲಗೆ ತಾಳ ಸೇರಿಸಿದ. ಮದುಮಗಳು ತಲೆಯೆತ್ತಿಕೊಂಡು ಮೆಟ್ಟಿಲು ಹತ್ತಿದಳು, ತಲೆ ಬಾಗಿಸಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಈ ಸಲ ಕಣ್ಣು ಮುಚ್ಚಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಕೆಳಗಿಳಿದ ಮೇಲೆ ಬೀಗರ ಕಡೆಯ ಹಿರಿಯರೊಬ್ಬರು ಬಂದರು. ನನ್ನ ಕೊರಳಲ್ಲಿ ಇನ್ನೂ ಗಿಟಾರಿತ್ತು. ಅವರು ನನ್ನನ್ನು ದಾಟಿ ನನ್ನ ಗಂಡನ ಹತ್ತಿರ ಹೋಗಿ, ‘ಭಾಳ ಚೊಲೋ ಐತ್ರಿ ಗಿಟಾರ. ಎಲ್ಲಿ ತಗೊಂಡ್ರಿ?’ ಎಂದು ಕೇಳಿದರು. ನನ್ನ ಗಂಡ ಒಂದು ಊರಿನ ಹೆಸರು ಹೇಳಿದರು. ಅದು ಆ ಊರಿನಿಂದ ಬಂದದ್ದೇ ಅಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ಊಟದ ಕಡೆ ನಡೆದಿದ್ದರು.

ಊರಿಗೆ ಬಂದ ಮೇಲಿನ ಭಾನುವಾರ ಬೆಳಿಗ್ಗೆ ಕಿಟಕಿಯ ಬಳಿ ಕೂತು ಸತ್ತ ಪಿಕಪ್ಪನ್ನು ಬಿಚ್ಚಿದೆ. ಮುಚ್ಚಳದ ಬೆಸುಗೆ ಕರಗಿಸಿ ಅದನ್ನು ಬೇರೆ ಮಾಡಿದೆ. ಅದೃಷ್ಟಕ್ಕೆ ತಂತಿ ಹೊರಗಿನ ಸುತ್ತಿನಲ್ಲೇ ತುಂಡಾಗಿತ್ತು. ಉಸಿರು ಬಿಗಿಹಿಡಿದು ತುದಿ ಹುಡುಕಿ, ಎರಡು ಸುತ್ತು ಬಿಚ್ಚಿ ಬೆಸೆದೆ. ಮೀಟರಿನ ಮುಳ್ಳು ಎದ್ದಿತು. ಅದನ್ನು ಮುಚ್ಚಳವಿಲ್ಲದೆ, ಬರಿಮೈಯಲ್ಲೇ ಗಿಟಾರಿಗೆ ಕೂರಿಸಿದೆ. ಹೊಳೆಯುವ ಮುಚ್ಚಳವನ್ನು ಒಯ್ದು ಪೇಪರು ಓದುತ್ತಿದ್ದ ಗಂಡನ ಮುಂದಿಟ್ಟೆ.

‘ಇದನ್ನ ನಾ ಏನ ಮಾಡ್ಲಿ?’

‘ಅಂಗಡ್ಯಾಗ ಇಟಗೋರಿ. ಹೆಸರೈತಲ್ಲ, ಯಾರೂ ಒಯ್ಯೂದಿಲ್ಲ.’

ಅವರು ಪೇಪರು ಮಡಚಿದರು, ಮತ್ತೆ ಬಿಚ್ಚಿದರು. ಈ ಸಲ ನಗಲಿಲ್ಲ. ಮುಚ್ಚಳ ಅವರ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ ಎಂದು ಆಮೇಲೆ ತಿಳಿಯಿತು. ಅದರಲ್ಲಿ ಸ್ಕ್ರೂ ಹಾಕಿಕೊಂಡಿದ್ದಾರೆ. ಅವರಿಗೂ ನನಗೂ ಆ ವಿಷಯದಲ್ಲಿ ಇನ್ನೂ ಮಾತಾಗಿಲ್ಲ.

ನಾನು ಗಿಟಾರಿನ ಕೊರಳ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು ಸ್ಯಾಂಡ್ ಪೇಪರಿನಿಂದ ಉಜ್ಜಲು ಕೂತೆ. ಮದುವೆಯ ಓಡಾಟದಲ್ಲಿ ಅವು ಕಪ್ಪಾಗಿದ್ದವು. ಹಿಂದೆ ಯಾರೋ ನಿಂತಂತಾಯಿತು. ಅತ್ತೆ. ಕಂಕುಳಲ್ಲಿ ತಾಮ್ರದ ಕೊಡ. ಆ ಜಗಳದ ದಿನದಿಂದ ನಮ್ಮ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟೇ ಮಾತಿತ್ತು. ನಾನು ತಲೆಯೆತ್ತಲಿಲ್ಲ.

‘ನಿನ್ನ ಗಿಟಾರಿಂದು ಹೆಸರ ಹೋತೇನ?’

‘ಹೋತರಿ.’

ಅವರು ನನ್ನ ಮುಂದೆ ಕೂತರು. ಕೂರುವಾಗ ಮೊಣಕಾಲು ಹಿಡಿದುಕೊಂಡರು. ಕೊಡವನ್ನು ನೆಲದ ಮೇಲೆ ಇಟ್ಟು ತಿರುಗಿಸಿ, ಅಣ್ಣನ ಹೆಸರಿರುವ ಕಡೆಯನ್ನು ನನ್ನ ಎದುರಿಗೆ ಮಾಡಿದರು.

‘ಇದನ್ನ ನಮ್ಮಣ್ಣ ಕೊಡಿಸಿದ್ದಂತ ತಿಳದೀಯಲ್ಲ ನೀನು?’

ನಾನು ತಲೆಯೆತ್ತಿದೆ.

‘ಮದಿವಿಕ್ಕಿಂತ ಮದಲ ನಾ ಮಂದಿ ಹೊಲಕ್ಕ ಹತ್ತಿ ಬಿಡಸಾಕ ಹೋಗತಿದ್ದೆ. ಆ ಕೂಲಿ ಕೂಡಿಟ್ಟ ತಗೊಂಡಿದ್ದ ಇದು. ಒಳ್ಳೇದ ಆರಿಸಿ, ಬಾರಿಸಿ ನೋಡಿ, ನಾನ ತಗೊಂಡಿದ್ದೆ. ಅಣ್ಣ ಹೆಸರ ಹಾಕಿಸ್ಕೊಂಡ ಬಂದ. ನಾ ಯಾಕಣ್ಣಾ ಅಂದೆ. ಹೆಂಗಸರ ಹೆಸರ ಹಾಕಿದ್ರ ಅಂಗಡಿಯಾಂವ ನಗತಾನ ಅಂದ. ಮದಿವ್ಯಾಗ ಎಲ್ಲಾರೂ, ಅಣ್ಣ ಎಂಥಾ ಕೊಡ ಕೊಟ್ಟಾನ ನೋಡ್ರಿ ಅಂದ್ರು.’

ಅವರ ದನಿಯಲ್ಲಿ ಅಳು ಇರಲಿಲ್ಲ. ಸಿಟ್ಟಿತ್ತು. ನನ್ನ ಸಿಟ್ಟಿಗಿಂತ ಹಳೆಯದು, ಒಮ್ಮೆಯೂ ಹೊರಗೆ ಬಿಡದೆ ಕಾಪಾಡಿಟ್ಟದ್ದು. ನಾನು ಕೆಲಸ ನಿಲ್ಲಿಸಿದೆ.

‘ನೀ ಅವತ್ತ ಅಂದೆಲ್ಲ, ದಿನಾ ತಿಕ್ಕತೀರಿ ಅಂತ. ಹೊಳೀಲಿ ಅಂತ ತಿಕ್ಕತಿದ್ನೇನ ನಾನು?’ ಚುಕ್ಕಿ ಅಕ್ಷರಗಳ ಮೇಲೆ ಅವರು ಹೆಬ್ಬೆರಳಾಡಿಸಿದರು. ‘ಹೋಗಲಿ ಅಂತ ತಿಕ್ಕತಿದ್ದೆ. ನನ್ನ ಕೈ ಸವದ್ವು, ಇದು ಸವೀಲಿಲ್ಲ.’

ಅವರು ನನ್ನ ಕೈಯಲ್ಲಿದ್ದ ಸ್ಯಾಂಡ್ ಪೇಪರನ್ನು ನೋಡಿದರು.

‘ಇದರ ಮ್ಯಾಲಿಂದೂ ತಗೀಯಾಕ ಬರ್ತೈತೇನ?’

‘ಭಾಳ ಆಳಕ್ಕ ಹೊಡದಾರ್ರಿ ಅತ್ತಿ. ಹೋಗತೈತಿ, ಆದ್ರ ಅಲ್ಲಿ ಉಜ್ಜಿದ್ದರ ಕಲಿ ಉಳಿತೈತಿ.’

‘ಉಳೀಲಿ. ಕಲಿ ನಂದು.’

ಹಾಗಾದರೆ ನನ್ನ ಗಿಟಾರಿಗೆ ಹಾಗೇಕೆ ಮಾಡಿದಿರಿ ಎನ್ನುವ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರು ಮಾಡಿದ್ದನ್ನು ನಾನು ಕ್ಷಮಿಸಿಲ್ಲ, ಅವರೂ ಕ್ಷಮಿಸು ಎಂದು ಕೇಳಲಿಲ್ಲ. ಕೊಡವನ್ನು ನಮ್ಮಿಬ್ಬರ ನಡುವೆ ಮಲಗಿಸಿ, ಉರುಳದಂತೆ ಅದಕ್ಕೆ ನನ್ನ ಹಳೆಯ ಸೀರೆ ಒತ್ತು ಕೊಟ್ಟೆ. ಸ್ಯಾಂಡ್ ಪೇಪರನ್ನು ಹರಿದು ಎರಡು ತುಂಡು ಮಾಡಿ, ಒಂದನ್ನು ಅವರ ಕೈಗೆ ಕೊಟ್ಟೆ. ಅವರು ಅಣ್ಣನ ಅಡ್ಡಹೆಸರಿನಿಂದ ಶುರುಮಾಡಿದರು.